ಕಿಟಕಿ ಸಂದಿನ ಸೀಸ

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯರಿಗೆ ಒಂದು ಕಾಯಿಲೆ ತಲೆನೋವಾಗಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಕೆಲವರಿಗೆ ಮಣಿಕಟ್ಟು ಎತ್ತಲಾಗದೆ ಕೈ ಜೋತುಬಿದ್ದಿರುತ್ತಿತ್ತು, ಇನ್ನು ಕೆಲವರಿಗೆ ಕಣ್ಣಿನ ನರ ಊದಿ ದೃಷ್ಟಿ ಮಂಜಾಗುತ್ತಿತ್ತು. ಇದು ಸೀಸದ ವಿಷ ಎಂದು 1892ರ ಹೊತ್ತಿಗೇ ಡಾ. ಜೆಫರಿಸ್ ಟರ್ನರ್ ಮತ್ತು ಅವರ ಸಂಗಡಿಗರು ಗುರುತಿಸಿದ್ದರು. ಆದರೆ ಸೀಸ ಬಂದದ್ದು ಎಲ್ಲಿಂದ? ಉತ್ತರ ಸಿಕ್ಕಿದ್ದು ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅವರಿಗೆ. ಬ್ರಿಸ್ಬೇನಿನ ಮರದ ಮನೆಗಳಿಗೆಲ್ಲ ಜಗಲಿ, ಜಗಲಿಗೆಲ್ಲ ಬಣ್ಣ ಬಳಿದ ಕಟಕಟೆ. ಅಲ್ಲಿನ ಬಿಸಿಲಿಗೆ ಆ ಬಣ್ಣ ಹಿಟ್ಟಿನಂತಾಗಿ ಕೈಗೆ ಅಂಟುತ್ತಿತ್ತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಉಗುರು ಕಚ್ಚುವ, ಬೆರಳು ಚೀಪುವ ಮಕ್ಕಳು. 1904ರಲ್ಲಿ ಗಿಬ್ಸನ್ ಇದನ್ನು ಬರೆದು ಪ್ರಕಟಿಸಿದರು. ಮಕ್ಕಳ ಕೈಗೆಟುಕುವ ಜಾಗದಲ್ಲಿ ಸೀಸದ ಬಣ್ಣ ಬಳಿಯಬಾರದು ಎಂಬ ಕಾನೂನು ಕ್ವೀನ್ಸ್‌ಲೆಂಡಿನಲ್ಲಿ ಬಂದದ್ದು 1922ರಲ್ಲಿ. ವೈದ್ಯರ ಮಾತು ಸರ್ಕಾರದ ಕಿವಿಗೆ ತಲುಪಲು ಹದಿನೆಂಟು ವರ್ಷ ಹಿಡಿಯಿತು.

ನಮ್ಮಲ್ಲಿ ಇಂಥ ನಿಯಮ ಬರಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಯಿತು. ಮನೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ, ಅಂದರೆ 90 ಪಿಪಿಎಂ ಮೀರಬಾರದು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಬಳಿದ ಬಣ್ಣ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಶಾಲೆಯ ಬಾಗಿಲು, ಕಿಟಕಿ, ಸರಳು, ಬೆಂಚು, ಜಾರುಬಂಡೆಯ ಮೇಲೆ ಪದರ ಪದರವಾಗಿ ಕೂತಿದೆ. ಒಂದಿಷ್ಟು ನೆಲಕ್ಕೆ ಉದುರಿದೆ.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. ನಮ್ಮ ಹಳೆಯ ಸರ್ಕಾರಿ ಶಾಲೆಗಳ ಗೋಡೆಗೆ ವರ್ಷ ವರ್ಷವೂ ಬಳಿದದ್ದು ಸುಣ್ಣ. ಅದರಿಂದ ಈ ಅಪಾಯ ಇಲ್ಲ. ಸೀಮೆಸುಣ್ಣದ ಪುಡಿಯ ಬಗ್ಗೆ ಪೋಷಕರು ದೂರುವುದುಂಟು. ಅದರಿಂದ ಕೆಮ್ಮು ಬರಬಹುದು, ಭಾರಲೋಹ ಬರುವುದಿಲ್ಲ. ಅನುಮಾನಿಸಬೇಕಾದದ್ದು ಆಯಿಲ್ ಪೇಂಟನ್ನು. ಬಣ್ಣ ಬೇಗ ಒಣಗಲಿ, ಹೊಳೆಯಲಿ, ಮಳೆ ಬಿಸಿಲಿಗೆ ತಡೆಯಲಿ ಎಂದು ಅದಕ್ಕೆ ಸೀಸ ಸೇರಿಸುತ್ತಿದ್ದರು. ಅದರಲ್ಲೂ ಕಣ್ಣು ಕುಕ್ಕುವ ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಿಗೆ ಆ ಹೊಳಪು ಕೊಡುತ್ತಿದ್ದದ್ದು ಲೆಡ್ ಕ್ರೋಮೇಟ್. ಅದರಲ್ಲಿ ಸೀಸವೂ ಉಂಟು, ಕ್ಯಾನ್ಸರ್ ತರುವ ಬಗೆಯ ಕ್ರೋಮಿಯಂ ಕೂಡ ಉಂಟು. ಮಕ್ಕಳಿಗೆ ಇಷ್ಟವಾಗಲೆಂದು ನಾವು ಆರಿಸುವ ಬಣ್ಣಗಳೂ ಇವೇ.

ಶಾಲೆಯ ಕಿಟಕಿಯೊಂದನ್ನು ಹತ್ತಿರದಿಂದ ನೋಡಿ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ಚೌಕಟ್ಟಿಗೆ ಉಜ್ಜಿಕೊಂಡೇ ಮುಚ್ಚುತ್ತದೆ. ಉಜ್ಜಿದ ಕಡೆ ಹಸಿರು ಬಣ್ಣದ ಕೆಳಗಿನ ನೀಲಿ, ಅದರ ಕೆಳಗಿನ ಬೂದು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕೆಳಗಿನ ಸಂದಿನಲ್ಲಿ ಒಣ ಎಲೆ, ಸತ್ತ ನೊಣ, ಪೆನ್ಸಿಲ್ ಹೆರೆದ ಸಿಪ್ಪೆಯ ಜೊತೆ ನುಣ್ಣನೆಯ ಪುಡಿ ಇರುತ್ತದೆ. ಗಾಳಿ ಬೀಸಿದರೆ ಅದು ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿಯುತ್ತದೆ. ನಲಿ–ಕಲಿ ತರಗತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಕೂರುವುದೇ ನೆಲದ ಮೇಲೆ. ಊಟದ ಗಂಟೆ ಹೊಡೆದಾಗ ಆ ನೆಲಕ್ಕೆ ಊರಿದ ಕೈಯೇ ತಟ್ಟೆಗೂ ಹೋಗುತ್ತದೆ.

ಇಷ್ಟು ಪುಡಿಯಿಂದ ಏನಾದೀತು ಎನ್ನುವವರಿಗೆ ಲೆಕ್ಕ ಹೀಗಿದೆ. ಒಂದು ಎಳ್ಳುಕಾಳು ಹೆಚ್ಚೂಕಡಿಮೆ ಮೂರು ಮಿಲಿಗ್ರಾಂ ತೂಗುತ್ತದೆ. ನೂರರಲ್ಲಿ ಒಂದು ಪಾಲು ಸೀಸವಿರುವ ಹಳೆಯ ಬಣ್ಣದ ಚಕ್ಕೆ ಅಷ್ಟೇ ತೂಕದ್ದಾದರೆ ಅದರಲ್ಲಿ 30 ಮೈಕ್ರೋಗ್ರಾಂ ಸೀಸ ಇರುತ್ತದೆ. ಅದು ಪುಡಿಯಾಗಿ ಒಂದು ಚದರ ಅಡಿ ನೆಲದಲ್ಲಿ ಹರಡಿತು ಎನ್ನೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2001ರಲ್ಲಿ ಮನೆ ಮತ್ತು ಶಿಶುವಿಹಾರಗಳ ನೆಲಕ್ಕೆ ಚದರ ಅಡಿಗೆ 40 ಮೈಕ್ರೋಗ್ರಾಂ ಮಿತಿ ಹಾಕಿತ್ತು. 2019ರಲ್ಲಿ ಅದನ್ನು 10ಕ್ಕೆ ಇಳಿಸಿತು. 2024ರ ನಿಯಮದ ಪ್ರಕಾರ ಸೀಸ ತೆಗೆದು ಶುಚಿ ಮಾಡಿದ ಮೇಲೆ ಉಳಿಯಬಹುದಾದದ್ದು 5 ಮೈಕ್ರೋಗ್ರಾಂಗಿಂತ ಕಡಿಮೆ. ಎಳ್ಳುಕಾಳಿನಷ್ಟು ಚಕ್ಕೆ ಈ ಮಿತಿಯ ಆರು ಪಟ್ಟು. ಮಿತಿ ಇಳಿಯುತ್ತಾ ಬಂದದ್ದು ಅಧಿಕಾರಿಗಳ ಮರ್ಜಿಯಿಂದಲ್ಲ. ಇಷ್ಟಾದರೆ ಪರವಾಗಿಲ್ಲ ಎನ್ನಬಹುದಾದ ಪ್ರಮಾಣವೊಂದು ಎಷ್ಟು ಹುಡುಕಿದರೂ ಸಿಗದ್ದರಿಂದ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಇನ್ನೊಂದು ದಾರಿಯಲ್ಲೂ ಲೆಕ್ಕ ಹಾಕಬಹುದು. ಸಣ್ಣ ಮಗುವಿನ ಹೊಟ್ಟೆಗೆ ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು ಮತ್ತು ದೂಳು ಹೋಗುತ್ತದೆ ಎಂಬುದು ಅಪಾಯ ಅಳೆಯುವವರು ಹಿಡಿಯುತ್ತಾ ಬಂದ ಅಂದಾಜು. ಮಣ್ಣು ತಿನ್ನುವ ಮಗುವಿನ ಮಾತಲ್ಲ ಇದು; ಬೆರಳು, ಪೆನ್ಸಿಲ್ಲಿನ ತುದಿ, ಎಂಜಲು ಹಚ್ಚಿ ತಿರುವಿದ ಪುಟ, ಇಷ್ಟೇ ಸಾಕು. ಆ ದೂಳಿನಲ್ಲಿ 200 ಪಿಪಿಎಂ ಸೀಸ ಇದ್ದರೆ ದಿನಕ್ಕೆ 20 ಮೈಕ್ರೋಗ್ರಾಂ ಒಳಗೆ ಹೋದಂತೆ. ಮಕ್ಕಳ ಆಹಾರದಲ್ಲಿನ ಸೀಸದ ಮೇಲೆ ನಿಗಾ ಇಡಲು ಅಮೆರಿಕದ ಆಹಾರ ಇಲಾಖೆ ಇಟ್ಟುಕೊಂಡಿರುವ ಗೆರೆ ದಿನಕ್ಕೆ 2.2 ಮೈಕ್ರೋಗ್ರಾಂ.

ಒಳಗೆ ಹೋದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೆ ಈ ವಿಷಯದಲ್ಲಿ ಮಕ್ಕಳ ದೇಹವೇ ಅವರಿಗೆ ಮೋಸ ಮಾಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹೀರುವುದು ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಮಕ್ಕಳ ಕರುಳು ಅರ್ಧದವರೆಗೂ ಹೀರಬಲ್ಲದು. ಬೆಳೆಯುವ ದೇಹಕ್ಕೆ ಕ್ಯಾಲ್ಸಿಯಂ ಬೇಕು. ಸೀಸ ಕ್ಯಾಲ್ಸಿಯಂ ವೇಷ ಹಾಕಿಕೊಂಡು ಅದೇ ಬಾಗಿಲಿನಿಂದ ನುಗ್ಗುತ್ತದೆ. ರಕ್ತದಲ್ಲಿ ಒಂದೆರಡು ತಿಂಗಳು ಸುತ್ತಾಡಿ ಮೂಳೆಗೆ ಇಳಿದರೆ ಅಲ್ಲಿ ದಶಕಗಟ್ಟಲೆ ಕೂರುತ್ತದೆ. ಹೆಣ್ಣುಮಗು ದೊಡ್ಡವಳಾಗಿ ಬಸುರಾದಾಗ ಮೂಳೆಯ ಕ್ಯಾಲ್ಸಿಯಂ ಜೊತೆ ಹೊರಬಂದು ಹೊಟ್ಟೆಯ ಕೂಸಿಗೂ ದಾಟುತ್ತದೆ. ಹಿಮೋಗ್ಲೋಬಿನ್ ತಯಾರಾಗುವ ಕೆಲಸಕ್ಕೆ ಅಡ್ಡಬರುತ್ತದೆ. ಮಿದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಸಂಕೇತ ಕಳಿಸುವ ಜಾಗದಲ್ಲೂ ಕ್ಯಾಲ್ಸಿಯಂನ ಕೆಲಸ ಕೆಡಿಸುತ್ತದೆ. ಕಲಿಕೆ, ನೆನಪು ನಡೆಯುವುದೇ ಅಲ್ಲಿ.

ಕಲಿಕೆಗೆ ಸೀಸ ಮಾಡುವ ಈ ಹಾನಿಯನ್ನು ತೋರಿಸಿಕೊಟ್ಟವರು ಅಮೆರಿಕದ ಮಕ್ಕಳ ತಜ್ಞ ಹರ್ಬರ್ಟ್ ನೀಡಲ್‌ಮನ್. ರಕ್ತದಲ್ಲಿ ಇವತ್ತಿನ ಸೀಸ ಮಾತ್ರ ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ. ಅದಕ್ಕೆ ಅವರು ಮಕ್ಕಳ ಉದುರಿದ ಹಾಲುಹಲ್ಲು ಕೇಳಿ ಪಡೆದರು. ಬಾಸ್ಟನ್ ಪಕ್ಕದ ಎರಡು ಊರುಗಳ ಒಂದನೇ, ಎರಡನೇ ತರಗತಿಯ ಮಕ್ಕಳ ಹಲ್ಲುಗಳು. ಅವುಗಳಲ್ಲಿ ಸೀಸ ಅಳೆದರು, ಬೇರೆಯಾಗಿ ಶಿಕ್ಷಕಿಯರಿಗೆ ಪ್ರಶ್ನೆಪತ್ರಿಕೆ ಕೊಟ್ಟರು: ಈ ಮಗು ಗಮನ ಕೊಡುತ್ತದೆಯೇ, ಹೇಳಿದ ಕೆಲಸ ಮುಗಿಸುತ್ತದೆಯೇ, ಕೂತಲ್ಲಿ ಕೂರುತ್ತದೆಯೇ. ಯಾವ ಹಲ್ಲಿನಲ್ಲಿ ಎಷ್ಟು ಸೀಸ ಎಂದು ಶಿಕ್ಷಕಿಯರಿಗೆ ಗೊತ್ತಿರಲಿಲ್ಲ. 1979ರಲ್ಲಿ ಫಲಿತಾಂಶ ಹೊರಬಂತು. ಹಲ್ಲಿನಲ್ಲಿ ಸೀಸ ಏರಿದಂತೆಲ್ಲ ಶಿಕ್ಷಕಿಯರ ದೂರೂ ಏರಿತ್ತು, ಬುದ್ಧಿಮತ್ತೆಯ ಅಂಕ ಇಳಿದಿತ್ತು. ಈ ಮಕ್ಕಳಲ್ಲಿ ಯಾರಿಗೂ ಕಾಯಿಲೆಯ ಲಕ್ಷಣ ಇರಲಿಲ್ಲ. ಹನ್ನೊಂದು ವರ್ಷಗಳ ನಂತರ ಅದೇ ಮಕ್ಕಳನ್ನು ಮತ್ತೆ ನೋಡಿದಾಗ, ಹೆಚ್ಚು ಸೀಸವಿದ್ದವರು ಶಾಲೆ ಬಿಡುವ ಸಂಭವ ಏಳು ಪಟ್ಟು ಹೆಚ್ಚಿತ್ತು. ಸೀಸದ ಉದ್ಯಮದ ಪರ ಸಾಕ್ಷಿ ನುಡಿದಿದ್ದ ತಜ್ಞರು ನೀಡಲ್‌ಮನ್ ಮೇಲೆ ವೈಜ್ಞಾನಿಕ ಅಪ್ರಾಮಾಣಿಕತೆಯ ಆರೋಪ ಹೊರಿಸಿದರು. ವಿಚಾರಣೆಗಳಲ್ಲಿ ಅದು ನಿಲ್ಲಲಿಲ್ಲ.

2005ರಲ್ಲಿ ಬ್ರೂಸ್ ಲಾನ್‌ಫಿಯರ್ ಮತ್ತಿತರರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇನ್ನೂ ಕಸಿವಿಸಿ ತರುವಂಥದ್ದು. ಒಂದು ಡೆಸಿಲೀಟರ್ ರಕ್ತದಲ್ಲಿ ಸೀಸ 2.4ರಿಂದ 10 ಮೈಕ್ರೋಗ್ರಾಂಗೆ ಏರುವಾಗ ಬುದ್ಧಿಮತ್ತೆಯ ಅಂಕ ಸುಮಾರು 3.9 ಇಳಿಯುತ್ತದೆ. 10ರಿಂದ 20ಕ್ಕೆ ಏರುವಾಗ ಇಳಿಯುವುದು 1.9 ಮಾತ್ರ. ಅಂದರೆ ಹೆಚ್ಚು ಹಾನಿ ಮಾಡುವುದು ಮೊದಲ ಕೆಲವು ಮೈಕ್ರೋಗ್ರಾಂ.

ನಾಲ್ಕು ಅಂಕ ಯಾವ ಲೆಕ್ಕ ಎಂದು ಕೇಳಬಹುದು. ಒಂದು ಮಗುವಿನ ಮಟ್ಟಿಗೆ ಗೊತ್ತೂ ಆಗದಿರಬಹುದು. ಆದರೆ ನಮ್ಮ ಶಾಲೆಗಳಲ್ಲಿ ಮಗ್ಗಿ ತಪ್ಪುವ ಹುಡುಗನಿಗೆ, ಕೂತಲ್ಲಿ ಕೂರದ ಹುಡುಗಿಗೆ ಸಿಗುವುದು ‘ದಡ್ಡ’, ‘ತರಲೆ’ ಎಂಬ ಬಿರುದು, ಆಮೇಲೆ ಮನೆಯವರಿಗೆ ಬುಲಾವ್. ಹತ್ತಾರು ಕಾರಣಗಳಿರುತ್ತವೆ, ಒಪ್ಪೋಣ. ಎಲ್ಲ ಕಲಿಕೆಯ ಸಮಸ್ಯೆಯನ್ನೂ ಸೀಸದ ತಲೆಗೆ ಕಟ್ಟುವುದು ಮೂರ್ಖತನ. ಆದರೂ ಕಾರಣಗಳ ಪಟ್ಟಿಯಲ್ಲಿ ಶಾಲೆಯ ನೆಲವೂ ಇರಬಹುದು ಎಂಬ ಯೋಚನೆ ನಮಗೆ ಹೊಳೆಯುವುದೇ ಇಲ್ಲ.

ಹೊಳೆಯದಿರಲು ಮಾಹಿತಿಯ ಕೊರತೆ ಕಾರಣವಲ್ಲ. ಈ ದೇಶದಲ್ಲಿ ಸೀಸದ ವಿಷದ ಬಗ್ಗೆ ಗಟ್ಟಿ ದನಿ ಎದ್ದದ್ದೇ ಬೆಂಗಳೂರಿನಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಅಬ್ರಹಾಂ ಜಾರ್ಜ್ ಅವರ ಜಾರ್ಜ್ ಫೌಂಡೇಶನ್, ಬೆಂಗಳೂರು, ಮುಂಬೈ, ಚೆನ್ನೈ, ಕೋಲ್ಕತ್ತ ಮೊದಲಾದ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತು. ಹನ್ನೆರಡು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಆಗ ಪೆಟ್ರೋಲಿನಲ್ಲೇ ಸೀಸ ಇತ್ತು. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. ಅದನ್ನು ಕಟ್ಟಿದ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರನ್ನು ಪತ್ರಿಕೆಗಳು ‘ಭಾರತದ ಸೀಸದ ಮನುಷ್ಯ’ ಎಂದೇ ಕರೆದವು. ಪೆಟ್ರೋಲಿನ ಗೆಲುವು ದೊಡ್ಡದು. ಆದರೆ ಹೊಗೆಯಲ್ಲಿ ಬಂದು ರಸ್ತೆ ಬದಿಯ ಮಣ್ಣಿಗೆ ಬಿದ್ದ ಸೀಸ ಕೊಳೆಯುವ ವಸ್ತುವಲ್ಲ. ಅದು ಲೋಹ, ಅಲ್ಲೇ ಇರುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಮಾಡಿದ ಅಂದಾಜಿನಲ್ಲಿ ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮುಟ್ಟಿತ್ತು ಅಥವಾ ದಾಟಿತ್ತು. ಅಂಥ ಸುಮಾರು 80 ಕೋಟಿ ಮಕ್ಕಳಲ್ಲಿ 27 ಕೋಟಿಗೂ ಹೆಚ್ಚು ನಮ್ಮ ದೇಶದವರು.

ಶಾಲೆಯ ದೂಳು ಅಂದರೆ ಬಣ್ಣ ಒಂದೇ ಅಲ್ಲ. ಕಾಂಪೌಂಡಿನ ಆಚೆ ಏನಿದೆಯೋ ಅದೂ ಒಳಗೆ ಬರುತ್ತದೆ. ಬ್ರೇಕು ಸವೆದು ತಾಮ್ರ, ಟೈರು ಸವೆದು ಸತು, ವೆಲ್ಡಿಂಗ್ ಅಂಗಡಿಯಿಂದ ಮ್ಯಾಂಗನೀಸು, ಕ್ರೋಮಿಯಂ. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದರೂ ಚಿನ್ನ ತೆಗೆದು ಉಳಿದ ನುಣುಪು ಮಣ್ಣಿನ ಸೈನೈಡ್ ದಿಬ್ಬಗಳು ಊರ ನಡುವೆಯೇ ಇವೆ. ಗಾಳಿ ಎದ್ದ ದಿನ ಅದು ಯಾರ ಮನೆ, ಯಾವ ಶಾಲೆ ಎಂದು ನೋಡುವುದಿಲ್ಲ. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಳ್ಳ ಕುಲುಮೆಗಳು. ಸೆನೆಗಲ್ ದೇಶದ ಡಕಾರ್ ಬಳಿಯ ಥಿಯಾರೊಯ್ ಎಂಬಲ್ಲಿ ಈ ಕಸುಬಿನ ದೂಳಿನಿಂದ 2007–08ರ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು. ನಮ್ಮಲ್ಲಿ ಹಳೆಯ ಬ್ಯಾಟರಿಗೆ 2001ರಿಂದಲೂ ನಿಯಮವಿದೆ, 2022ರಲ್ಲಿ ಹೊಸದೂ ಬಂದಿದೆ. ಗುಜರಿಯವನ ತಕ್ಕಡಿಗೆ ಎರಡೂ ಗೊತ್ತಿಲ್ಲ.

ಇದು ಬಡ ದೇಶಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಹೊತ್ತಿ ಉರಿದಾಗ ಅದರ ಛಾವಣಿ ಮತ್ತು ಶಿಖರದ 400 ಟನ್ನಿಗೂ ಹೆಚ್ಚು ಸೀಸಕ್ಕೆ ಬೆಂಕಿ ತಗುಲಿತು. ಒಂದಿಷ್ಟು ದೂಳಾಗಿ ಊರಿನ ಮೇಲೆ ಕೂತಿತು. ಫ್ರಾನ್ಸಿನಲ್ಲಿ ಮಕ್ಕಳಿರುವ ಜಾಗದ ದೂಳಿಗೆ ಚದರ ಮೀಟರಿಗೆ 70 ಮೈಕ್ರೋಗ್ರಾಂ ಎಂಬ ಎಚ್ಚರಿಕೆಯ ಗೆರೆ ಇದೆ. ಜುಲೈನಲ್ಲಿ ಬೇಸಿಗೆ ಶಿಬಿರ ನಡೆಯುತ್ತಿದ್ದ ಶಾಲಾ ಆವರಣಗಳನ್ನು ಮುಚ್ಚಿ ಅಂಗಳ ತೊಳೆಸಬೇಕಾಯಿತು. ತಡಮಾಡಿದರು ಎಂದು ಜನ ಬೈದರು, ಕೋರ್ಟಿಗೂ ಹೋದರು. ಆದರೆ ಅಲ್ಲಿ ಒಂದು ಗೆರೆ ಇತ್ತು. ಗೆರೆ ಇದ್ದದ್ದರಿಂದ ದಾಟಿದ್ದು ಗೊತ್ತಾಯಿತು.

ನಮ್ಮಲ್ಲಿ ಗಾಳಿಯಲ್ಲಿ ಸೀಸ ಎಷ್ಟಿರಬಹುದು ಎಂಬುದಕ್ಕೆ ಮಿತಿ ಇದೆ, ಕುಡಿಯುವ ನೀರಿಗೆ ಇದೆ, ಬಣ್ಣದ ಡಬ್ಬಿಗೆ ಇದೆ. ಮಗು ಕೂರುವ ನೆಲಕ್ಕೆ ಇಲ್ಲ. ಅಳೆಯುವುದೇನೂ ರಾಕೆಟ್ ವಿಜ್ಞಾನವಲ್ಲ. ನೆಲದಲ್ಲಿ ಒಂದು ಚದರ ಅಡಿ ಗುರುತು ಹಾಕಿ, ಒದ್ದೆ ಟಿಶ್ಯೂವಿನಿಂದ ಅಡ್ಡಡ್ಡ ಒರೆಸಿ, ಮಡಚಿ, ಮತ್ತೆ ಉದ್ದುದ್ದ ಒರೆಸಿ, ಡಬ್ಬಿಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುವುದು. ಅಲ್ಲಿ ಆಮ್ಲದಲ್ಲಿ ಕರಗಿಸಿ ಯಂತ್ರದಲ್ಲಿ ಓದುತ್ತಾರೆ. ಬಾಗಿಲಿನ ಬಣ್ಣಕ್ಕಾದರೆ ಪಿಸ್ತೂಲಿನಂಥ ಎಕ್ಸ್‌ಆರ್‌ಎಫ್ ಉಪಕರಣ ಹಿಡಿದರೆ ಸಾಕು, ಕೆರೆಯದೆಯೇ ಉತ್ತರ ಬರುತ್ತದೆ.

ದೂಳಿನ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವುಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ, ನಿಕ್ಕಲ್ ಎಂದು ಸಾಲು ಸಾಲು ಹೆಸರು ಇರುತ್ತವೆ, ಕೊನೆಗೆ ‘ಅಪಾಯ ಸೂಚ್ಯಂಕ’ ಎಂಬ ಒಂದು ಅಂಕಿ. ಆ ಅಂಕಿ ಒಂದಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ ಎಂಬ ಧಾಟಿ. ಕ್ಯಾಡ್ಮಿಯಂ ಮೂತ್ರಪಿಂಡ, ಮೂಳೆಗೆ ಕೇಡು, ಆರ್ಸೆನಿಕ್ ಚರ್ಮಕ್ಕೆ, ಕ್ಯಾನ್ಸರಿಗೆ. ಅವಕ್ಕೆ ಈ ಲೆಕ್ಕ ಒಂದಿಷ್ಟು ಅರ್ಥ ಕೊಡಬಹುದು. ಸುರಕ್ಷಿತ ಪ್ರಮಾಣವೇ ಇಲ್ಲದ ಸೀಸವನ್ನು ಅದೇ ತಕ್ಕಡಿಗೆ ಹಾಕಿ ‘ಮಿತಿಯೊಳಗಿದೆ’ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ದೂಳಿನಲ್ಲಿ ಸಿಕ್ಕ ಲೋಹವೆಲ್ಲ ಹೊಟ್ಟೆಯಲ್ಲಿ ಕರಗುವುದೂ ಇಲ್ಲ. ಅಂಕಿ ನೋಡಿ ಎದೆ ಬಡಿದುಕೊಳ್ಳುವುದೂ ಬೇಡ.

ಅದೇನೇ ಇರಲಿ, ಕೈಲಾಗುವ ಕೆಲಸ ಬಹಳ ಇದೆ, ಹೆಚ್ಚಿನದಕ್ಕೆ ದುಡ್ಡೂ ಬೇಡ. ಒಣ ಪೊರಕೆ ಹಿಡಿದು ತರಗತಿ ಗುಡಿಸಿದರೆ ನೆಲದ ದೂಳು ಮೂಗಿನೆತ್ತರಕ್ಕೆ ಎದ್ದು ಬೆಂಚಿನ ಮೇಲೆ ಕೂರುತ್ತದೆ, ಅಷ್ಟೇ. ನೀರು ಚಿಮುಕಿಸಿ ಗುಡಿಸುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುವುದು ಇನ್ನೂ ಒಳ್ಳೆಯದು, ಕಿಟಕಿ ಕಟ್ಟೆಯನ್ನೂ ಸೇರಿಸಿ. ಆ ಕೆಲಸವನ್ನು ಮಕ್ಕಳ ಕೈಯಲ್ಲಿ ಮಾಡಿಸಬಾರದು. ಬಿಸಿಯೂಟಕ್ಕೆ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಸಬೇಕು. ಕೊರೊನಾ ಕಾಲದಲ್ಲಿ ಕಲಿತ ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬಾರದು. ಅದು ಕ್ರಿಮಿ ಕೊಲ್ಲುತ್ತದೆ, ಲೋಹ ತೆಗೆಯುವುದಿಲ್ಲ. ಇದೆಲ್ಲ ಮಾಡಿಯೂ ಪಕ್ಕದ ಕುಲುಮೆ ಉರಿಯುತ್ತಲೇ ಇದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. 1889ರಿಂದ ಸೀಸ ಕರಗಿಸುತ್ತಿರುವ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಊರಿನಲ್ಲಿ ಮಕ್ಕಳ ಆಟದ ಮೈದಾನವನ್ನು ತೊಳೆದರೂ ತೊಳೆದರೂ ದೂಳು ಮತ್ತೆ ಬಂದು ಕೂರುತ್ತಿದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಊಟದ ಮಾತೂ ಇದರೊಳಗೇ ಬರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆ ಇರುವ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೆ ಎರಡು ಪಾಲು ರಕ್ತಹೀನತೆ ಇದ್ದವರು. ಕರ್ನಾಟಕದ ಕಥೆಯೂ ಹೆಚ್ಚೂಕಡಿಮೆ ಅದೇ. 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ರಾಗಿ ಮಾಲ್ಟ್, ಮೊಟ್ಟೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಇವೆಲ್ಲ ಸೀಸದ ಯೋಚನೆಯಿಂದ ಬಂದ ಯೋಜನೆಗಳಲ್ಲ. ಆದರೂ ಖಾಲಿ ಹೊಟ್ಟೆಯಲ್ಲಿ ಬರುವ ಮಗುವಿಗೆ ಈ ದಾರಿಯಲ್ಲೂ ಒಂದಿಷ್ಟು ಆಸರೆ. ಹಾಲು ಸೀಸಕ್ಕೆ ಮದ್ದು ಎಂದು ಮಾತ್ರ ತಿಳಿಯಬೇಡಿ. ಸೀಸ ಹೊರತೆಗೆಯುವ ಔಷಧಿಯನ್ನು ವೈದ್ಯರು ಸಾಮಾನ್ಯವಾಗಿ ಕೊಡುವುದು ರಕ್ತದಲ್ಲಿ 45 ಮೈಕ್ರೋಗ್ರಾಂ ದಾಟಿದ ಮೇಲೆ; ಅದೂ ಕಳೆದುಹೋದ ಅಂಕಗಳನ್ನು ವಾಪಸು ತರುವುದಿಲ್ಲ. ‘ಡಿಟಾಕ್ಸ್’ ಹೆಸರಿನಲ್ಲಿ ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಸುರಿಯುವುದು ವ್ಯರ್ಥ.

ಇನ್ನು ಬಣ್ಣ. ಪ್ರತಿ ಬೇಸಿಗೆ ರಜೆಯಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಹಳೆ ವಿದ್ಯಾರ್ಥಿಗಳೋ, ಊರ ಯುವಕ ಸಂಘದವರೋ, ಕಂಪನಿಯವರೋ ಬಂದು ಬಣ್ಣ ಬಳಿಯುತ್ತಾರೆ. ಒಳ್ಳೆಯ ಮನಸ್ಸಿನ ಕೆಲಸ. ಆದರೆ ಹೊಸ ಬಣ್ಣ ಹಿಡಿಯಲೆಂದು ಕಿಟಕಿ ಬಾಗಿಲಿನ ಹಳೆಯ ಬಣ್ಣವನ್ನು ಉಪ್ಪುಕಾಗದ ಹಾಕಿ ಒಣದಾಗಿ ಉಜ್ಜಿದರೆ, ಇಪ್ಪತ್ತು ಮೂವತ್ತು ವರ್ಷ ಗಟ್ಟಿಯಾಗಿ ಅಂಟಿಕೊಂಡಿದ್ದ ಸೀಸ ಒಂದೇ ಮಧ್ಯಾಹ್ನದಲ್ಲಿ ನೆಲಕ್ಕೆ ಬರುತ್ತದೆ. ಬ್ಲೋಟಾರ್ಚ್‌ನಿಂದ ಸುಟ್ಟು ಕೆರೆದರೆ ಇನ್ನೂ ಕೇಡು. ಗಟ್ಟಿಯಾಗಿ ಕೂತ ಹಳೆಯ ಬಣ್ಣವನ್ನು ಕೆದಕದೆ ಅದರ ಮೇಲೆಯೇ ಬಳಿಯಬಹುದು. ಎದ್ದ ಚಕ್ಕೆಯನ್ನು ಒದ್ದೆ ಮಾಡಿಯೇ ಕೆರೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರಲ್ಲೇ ಸುತ್ತಿ ತೆಗೆಯಬೇಕು, ಅಂಗಳದಲ್ಲಿ ಗುಡ್ಡೆ ಹಾಕಿ ಸುಡಬಾರದು. ಕೆರೆಯುವ ಪೇಂಟರ್‌ಗಳ ಶ್ವಾಸಕೋಶಕ್ಕೂ ಇದರಿಂದ ಒಳಿತು. 90 ಪಿಪಿಎಂ ನಿಯಮ ಮನೆಬಳಕೆ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ. ಕೈಗಾರಿಕಾ ಬಣ್ಣಗಳು ಅದರ ಹೊರಗೆ ಉಳಿದಿವೆ. ಅಗ್ಗಕ್ಕೆ ಸಿಕ್ಕಿತೆಂದು ಆ ಡಬ್ಬಿಯನ್ನು ತಂದು ಗೇಟಿಗೆ, ಉಯ್ಯಾಲೆಯ ಕಂಬಕ್ಕೆ ಬಳಿಯದಂತೆ ನೋಡಿಕೊಳ್ಳಬೇಕು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ವರ್ಷ ಬಣ್ಣದ ವಿಷಯ ಬಂದರೆ, ಯಾವ ಬಣ್ಣ ಎಂದು ತೀರ್ಮಾನಿಸುವ ಮೊದಲು ಡಬ್ಬಿ ತರಿಸಿ ಅದರ ಲೇಬಲ್ ಓದಿ. ಸೀಸ 90 ಪಿಪಿಎಂ ಮೀರಿಲ್ಲ ಎಂದು ಅಲ್ಲಿ ಬರೆದಿರಲೇಬೇಕು. ಬರೆದಿಲ್ಲವೆಂದರೆ ಅಂಗಡಿಗೇ ವಾಪಸು ಕಳಿಸಿ.